ಸ್ತ್ರೀಪರ್ವವಿಲ್ಲದ ಸೌಪ್ತಿಕ

ಕ್ರಿಸ್‌ಮಸ್ ರಾತ್ರಿ ಕ್ರಿಸ್‌ಮಸ್ ತಾತನ ಕೆಂಪು ಅಂಗಿ ತೊಟ್ಟವನೊಬ್ಬ ಕೊಡಲಿ ಹಿಡಿದು ಮನೆಗಳಿಗೆ ನುಗ್ಗುತ್ತಾನೆ. ಬೆಳಗಾಗುವುದರೊಳಗೆ ಏಳೆಂಟು ಹೆಣ ಬೀಳುತ್ತವೆ. ಇಂಥ ಕಥೆಯ ಚಲಚ್ಚಿತ್ರಗಳದೇ ಒಂದು ಪಂಥ ಪಶ್ಚಿಮದಲ್ಲಿ ಬೆಳೆದು ನಿಂತಿದೆಯೆಂದರೆ ನಮ್ಮ ಓದುಗರಲ್ಲಿ ಕೆಲವರು ನಂಬಲಾರರು. ನಂಬಿದವರು ಮೂಗು ಮುರಿದಾರು. ಮಕ್ಕಳಿಗೆ ಉಡುಗೊರೆ ಹಂಚುವ ಮುದುಕನ ಕೈಗೆ ಕೊಡಲಿ ಕೊಡುವುದು ಯಾವ ಸೀಮೆಯ ರಸಿಕತೆ ಎಂದು ಕೇಳುವುದೂ ಸಹಜವೇ. ಆದರೂ ಈ ಪಂಥಕ್ಕೆ ಐವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಜನ ಮೆಚ್ಚಿದ್ದನ್ನು ಹಳಿದು ಕಳಿಸಿಬಿಡುವುದು ಸುಲಭ; ಅವರು ಏಕೆ ಮೆಚ್ಚಿದರು, ಆ ಮೆಚ್ಚಿಕೆ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ನೋಡುವುದು ಸ್ವಲ್ಪ ಕಷ್ಟ. ಆ ಕಷ್ಟವನ್ನು ಇಲ್ಲಿ ಕೈಗೆತ್ತಿಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ಈ ಜಾತಿಯ ಚಿತ್ರಗಳಿಗೆ ‘ಸ್ಲ್ಯಾಷರ್’ ಎಂಬ ಹೆಸರಿದೆ. ಕೊಚ್ಚುವ, ಸೀಳುವ ಚಿತ್ರಗಳು ಎಂದು ಅರ್ಥ. ನಾನು ಅವನ್ನು ಕತ್ತಿಯ ಚಿತ್ರಗಳೆಂದು ಕರೆಯುತ್ತೇನೆ. ಅವುಗಳ ಕಟ್ಟು ಬಹುಮಟ್ಟಿಗೆ ಒಂದೇ. ಒಂಟಿಯಾದ ಒಂದು ಮನೆ, ಒಂದು ರಾತ್ರಿ, ಹರೆಯದ ಕೆಲವರು, ಮುಖ ಮರೆಸಿಕೊಂಡ ಒಬ್ಬ ಕೊಲೆಗಾರ. ಒಬ್ಬೊಬ್ಬರಾಗಿ ಎಲ್ಲರೂ ಸಾಯುತ್ತಾರೆ. ಕೊನೆಗೆ ಸಾಮಾನ್ಯವಾಗಿ ಒಬ್ಬ ಹುಡುಗಿ ಉಳಿಯುತ್ತಾಳೆ. ಕ್ಯಾರಲ್ ಕ್ಲೋವರ್ ಎಂಬ ಅಮೆರಿಕದ ವಿದ್ವಾಂಸೆ 1987ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವಳನ್ನು ‘ಕೊನೆಯ ಹುಡುಗಿ’ ಎಂದು ಕರೆದರು. ಆ ಹೆಸರು ನಿಂತುಹೋಯಿತು.

ಹಬ್ಬಕ್ಕೂ ಕೊಲೆಗೂ ಇರುವ ನಂಟು ನಮಗೇನೂ ಹೊಸದಲ್ಲ. ನವರಾತ್ರಿ ಮಹಿಷನ ವಧೆಯ ಹಬ್ಬ. ನರಕಚತುರ್ದಶಿ ನರಕಾಸುರನ ವಧೆಯದು. ಕಾಮನ ಹುಣ್ಣಿಮೆಯಲ್ಲಿ ಕಾಮನನ್ನು ಸುಟ್ಟು ನಗುತ್ತೇವೆ. ಆದರೆ ನಮ್ಮಲ್ಲಿ ಕೊಲೆ ಮುಗಿದ ಮೇಲೆ ಹಬ್ಬ. ಅಸುರ ಸತ್ತ, ಆದ್ದರಿಂದ ಎಣ್ಣೆ ನೀರು, ಆದ್ದರಿಂದ ಹೋಳಿಗೆ. ಕ್ರಿಸ್‌ಮಸ್ ಅಂಥದಲ್ಲ, ಅದು ಹುಟ್ಟಿನ ಹಬ್ಬ. ಅದರ ನೆರಳಿನಲ್ಲಿಯೂ ಒಂದು ಕೊಲೆ ಇದೆಯೆಂಬುದು ನಿಜ. ಹೆರೋದ ಅರಸನು ಬೆತ್ಲೆಹೇಮಿನ ಎಳೆಯ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ ಸಂಗತಿಯನ್ನು ಮತ್ತಾಯನ ಸುವಾರ್ತೆ ಹೇಳುತ್ತದೆ. ಪಶ್ಚಿಮದ ಚರ್ಚುಗಳಲ್ಲಿ ಡಿಸೆಂಬರ್ 28 ಆ ಮಕ್ಕಳ ನೆನಪಿನ ದಿನ. ಅಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಕೊಲೆಯ ಮಾತು ಮುಗಿಯುತ್ತಿದ್ದಂತೆಯೇ ಸುವಾರ್ತೆ ತನ್ನ ಮಕ್ಕಳಿಗಾಗಿ ಅಳುವ ರಾಹೇಲಳನ್ನು ನೆನೆಯುತ್ತದೆ. ಕೊಂದವನ ಹೆಸರಿನ ಪಕ್ಕದಲ್ಲಿ ಅತ್ತವಳ ಹೆಸರೂ ಇದೆ. ನನ್ನ ಮಾತೆಲ್ಲ ಕೊನೆಗೆ ಇಲ್ಲಿಗೇ ಬಂದು ಸೇರುವುದು.

ಕ್ರಿಸ್‌ಮಸ್ಸಿಗೂ ಭಯದ ಕಥೆಗೂ ಗಂಟು ಬಿದ್ದದ್ದು ಸಿನಿಮಾ ಹುಟ್ಟುವುದಕ್ಕೆ ಬಹಳ ಹಿಂದೆ. ಉತ್ತರದ ದೇಶಗಳಲ್ಲಿ ಡಿಸೆಂಬರಿನ ಹಗಲು ಬಲು ಗಿಡ್ಡ. ಮಧ್ಯಾಹ್ನ ನಾಲ್ಕಕ್ಕೆ ಕತ್ತಲು ಕವಿದರೆ ಮನೆಮಂದಿ ಬೆಂಕಿಯ ಸುತ್ತ ಕೂಡುತ್ತಾರೆ. ಕೂಡಿದವರಿಗೆ ಕಥೆ ಬೇಕು. ಹೊರಗೆ ಕತ್ತಲಿದ್ದಾಗ ಒಳಗಿನವರಿಗೆ ಒದಗುವ ಕಥೆ ದೆವ್ವದ್ದು. 1843ರಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಹಬ್ಬದ ಪ್ರೀತಿಯ ಕಥೆಯೆಂದು ಹೆಸರಾಗಿದೆ. ಆದರೆ ಅದು ಮೊದಲಿಂದ ಕೊನೆಯವರೆಗೆ ಪ್ರೇತಗಳ ಕಥೆ. ತನ್ನ ಪತ್ರಿಕೆಯ 1866ರ ಕ್ರಿಸ್‌ಮಸ್ ಸಂಚಿಕೆಗೆ ಅವನು ಬರೆದ ‘ಸಿಗ್ನಲ್ ಮ್ಯಾನ್’ ರೈಲಿನ ಸುರಂಗದ ಬಾಯಲ್ಲಿ ಒಂಟಿಯಾಗಿ ಕೆಲಸ ಮಾಡುವವನ ಕಥೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ದಾರಿಯಲ್ಲಿ 57 ಸುರಂಗಗಳನ್ನು ದಾಟಿದವರಿಗೆ ಆ ಕಥೆಯ ತಣ್ಣಗಿನ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಎಂ. ಆರ್. ಜೇಮ್ಸ್ ಎಂಬ ಪಂಡಿತ ಹಬ್ಬದ ರಾತ್ರಿ ಗೆಳೆಯರಿಗೆ ಓದಿ ಹೇಳಲೆಂದೇ ಪಿಶಾಚಿ ಕಥೆಗಳನ್ನು ಬರೆಯುತ್ತಿದ್ದ. ಅವುಗಳ ಮೊದಲ ಸಂಪುಟ 1904ರಲ್ಲಿ ಅಚ್ಚಾಯಿತು.

ಇದೇ ಹಳೆಯ ಚಟ ಬೆಳ್ಳಿತೆರೆಗೆ ಬಂದಾಗ ದೆವ್ವದ ಜಾಗಕ್ಕೆ ಮನುಷ್ಯ ಬಂದ. 1972ರಲ್ಲಿ ಫ್ರೆಡ್ಡಿ ಫ್ರಾನ್ಸಿಸ್ ಇಂಗ್ಲೆಂಡಿನಲ್ಲಿ ತೆಗೆದ ‘ಟೇಲ್ಸ್ ಫ್ರಂ ದ ಕ್ರಿಪ್ಟ್’ ಚಿತ್ರದಲ್ಲಿ ಐದು ಕಥೆಗಳಿವೆ. ಮೊದಲನೆಯದರಲ್ಲಿ ಹೆಂಡತಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಗಂಡನನ್ನು ಕೊಲ್ಲುತ್ತಾಳೆ. ಅದೇ ಹೊತ್ತಿಗೆ, ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡ ಕೊಲೆಗಡುಕನೊಬ್ಬ ಕ್ರಿಸ್‌ಮಸ್ ತಾತನ ವೇಷದಲ್ಲಿ ಅಲೆಯುತ್ತಿದ್ದಾನೆಂದು ರೇಡಿಯೋ ಹೇಳುತ್ತದೆ. ಅವನು ಅವಳ ಮನೆಯ ಕಿಟಕಿಗೇ ಬಂದಿದ್ದಾನೆ. ಪೊಲೀಸರನ್ನು ಕರೆಯುವ ಹಾಗಿಲ್ಲ. ಕರೆದರೆ ನಡುಮನೆಯಲ್ಲಿ ಗಂಡನ ಹೆಣವಿದೆ. ಅವಳು ಬಾಗಿಲು ಕಿಟಕಿಗಳನ್ನೆಲ್ಲ ಭದ್ರಪಡಿಸುತ್ತಾಳೆ. ಕೊನೆಗೆ ಬಾಗಿಲು ತೆಗೆಯುವವಳು ಅವಳ ಪುಟ್ಟ ಮಗಳು. ತಾತ ಬಂದನೆಂದು ಮಗುವಿಗೆ ಸಂತೋಷ! ಹನ್ನೆರಡು ನಿಮಿಷದಷ್ಟರ ಈ ತುಣುಕಿನಲ್ಲಿ ಪಂಥದ ಬೀಜಗಳೆಲ್ಲ ಇವೆ. ಹಬ್ಬದ ದಿನ ಬಾಗಿಲು ತೆರೆದಿರಬೇಕೆಂಬುದು ಧರ್ಮ. ಬಾಗಿಲು ತೆರೆದರೆ ಮೃತ್ಯು.

ಎರಡು ವರ್ಷದ ಮೇಲೆ, 1974ರಲ್ಲಿ, ಕೆನಡಾದಲ್ಲಿ ‘ಬ್ಲ್ಯಾಕ್ ಕ್ರಿಸ್‌ಮಸ್’ ಬಂತು. ನಿರ್ದೇಶಕ ಬಾಬ್ ಕ್ಲಾರ್ಕ್. ಕಾಲೇಜಿನ ಹುಡುಗಿಯರು ಕೂಡಿ ವಾಸಿಸುವ ಮನೆ. ರಜೆಗೆ ಊರಿಗೆ ಹೊರಡುವ ಗಡಿಬಿಡಿ. ಯಾರೋ ಪದೇಪದೇ ಟೆಲಿಫೋನಿನಲ್ಲಿ ಹೊಲಸು ಮಾತಾಡುತ್ತಾನೆ, ಅಳುತ್ತಾನೆ, ಮಗುವಿನ ದನಿಯಲ್ಲಿ ಕಿರುಚುತ್ತಾನೆ. ಅವನು ಯಾರು, ಏಕೆ ಹೀಗಾದ ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಅವನ ಮುಖವನ್ನೂ ಸರಿಯಾಗಿ ತೋರಿಸುವುದಿಲ್ಲ. ಕರೆ ಎಲ್ಲಿಂದ ಬರುತ್ತಿದೆಯೆಂದು ಪೊಲೀಸರು ಪತ್ತೆ ಹಚ್ಚಿದರೆ ಅದು ಅದೇ ಮನೆಯೊಳಗಿನಿಂದ! ಅವನು ಅಟ್ಟದ ಮೇಲಿದ್ದಾನೆ. ಇದೇ ಬಾಬ್ ಕ್ಲಾರ್ಕ್ 1983ರಲ್ಲಿ ‘ಎ ಕ್ರಿಸ್‌ಮಸ್ ಸ್ಟೋರಿ’ ಎಂಬ, ಅಮೆರಿಕದ ಮನೆಮನೆಗಳು ಹಬ್ಬಕ್ಕೆ ನೋಡುವ ಮುದ್ದಾದ ಚಿತ್ರವನ್ನೂ ತೆಗೆದ. ಹಬ್ಬದ ಬೆಚ್ಚಗೆ ಬಲ್ಲವನಿಗೇ ಅದರ ಚಳಿಯೂ ಗೊತ್ತು.

1978ರಲ್ಲಿ ಜಾನ್ ಕಾರ್ಪೆಂಟರ್ ‘ಹ್ಯಾಲೊವೀನ್’ ತೆಗೆದ. ಸುಮಾರು ಮೂರು ಲಕ್ಷ ಡಾಲರಿನಲ್ಲಿ ಆದ ಆ ಚಿತ್ರ ಕೋಟಿಗಟ್ಟಲೆ ದುಡಿದದ್ದೇ ತಡ, ಪಂಚಾಂಗದ ಹಬ್ಬಗಳಿಗೆಲ್ಲ ಒಂದೊಂದು ಕೊಲೆಗಾರನನ್ನು ಗೊತ್ತುಮಾಡುವ ವ್ಯಾಪಾರ ಶುರುವಾಯಿತು. 1980ರ ‘ಕ್ರಿಸ್‌ಮಸ್ ಈವಿಲ್’ನಲ್ಲಿ ಆಟಿಕೆ ಕಾರ್ಖಾನೆಯ ನೌಕರನೊಬ್ಬ ತಾನೇ ಕ್ರಿಸ್‌ಮಸ್ ತಾತನೆಂದು ನಂಬಿ ಒಳ್ಳೆಯ ಮಕ್ಕಳ, ಕೆಟ್ಟ ಮಕ್ಕಳ ಲೆಕ್ಕ ಬರೆದಿಡುತ್ತಾನೆ. 1984ರ ನವೆಂಬರಿನಲ್ಲಿ ಬಿಡುಗಡೆಯಾದ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ನಿಂದ ದೊಡ್ಡ ಗದ್ದಲವೇ ಎದ್ದಿತು. ತಾತನ ವೇಷದವನೊಬ್ಬ ತಂದೆತಾಯಿಯನ್ನು ಕೊಂದದ್ದನ್ನು ಕಣ್ಣಾರೆ ಕಂಡ ಹುಡುಗ, ಅನಾಥಾಲಯದ ಕಠಿಣ ಶಿಕ್ಷೆಯಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ತಾನೇ ಆ ಅಂಗಿ ತೊಟ್ಟು ಕೊಲ್ಲತೊಡಗುವ ಕಥೆ ಅದು. ಕೊಡಲಿ ಹಿಡಿದ ತಾತನ ಜಾಹೀರಾತು ಮಕ್ಕಳು ನೋಡುವ ಹೊತ್ತಿನಲ್ಲಿ ದೂರದರ್ಶನದಲ್ಲಿ ಬಂದಾಗ ತಾಯಂದಿರು ಸಿಡಿದೆದ್ದರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಚಿತ್ರಮಂದಿರದೆದುರು ಜನ ಹಬ್ಬದ ಹಾಡು ಹಾಡಿ ಪ್ರತಿಭಟಿಸಿದರು. ಜೀನ್ ಸಿಸ್ಕೆಲ್, ರೋಜರ್ ಈಬರ್ಟ್ ಎಂಬ ಹೆಸರಾಂತ ವಿಮರ್ಶಕರು ತಮ್ಮ ಕಾರ್ಯಕ್ರಮದಲ್ಲಿ ಚಿತ್ರ ಮಾಡಿದವರ ಹೆಸರುಗಳನ್ನೇ ಓದಿ ನಾಚಿಕೆಗೇಡೆಂದರು. ಕೆಲವೇ ದಿನಗಳಲ್ಲಿ ಜಾಹೀರಾತು ನಿಂತಿತು; ಬಳಿಕ ಚಿತ್ರವೂ ಹಿಂದಕ್ಕೆ ಹೋಯಿತು. ಹಾಗೆಂದು ಅದು ಸತ್ತಿತೇ? 1987ರಲ್ಲಿ ಎರಡನೆಯ ಭಾಗ ಬಂತು. ಅದರ ಮೊದಲರ್ಧದಲ್ಲಿ ಬಹುಪಾಲು ಹಳೆಯ ಚಿತ್ರದ ತುಂಡುಗಳೇ. 1991ರ ಹೊತ್ತಿಗೆ ಐದು ಭಾಗಗಳಾದವು. 2024ರಲ್ಲಿ ‘ಟೆರಿಫೈಯರ್’ ಸರಣಿಯ ಮೂರನೆಯ ಚಿತ್ರದ ವಿದೂಷಕನೂ ತಾತನ ವೇಷ ಹಾಕಿದ. ಅದರ ಕ್ರೌರ್ಯ ಕಂಡು ಫ್ರಾನ್ಸಿನವರು 18 ವರ್ಷದೊಳಗಿನವರಿಗೆ ಅದನ್ನು ನಿಷೇಧಿಸಿದರು. ಇಷ್ಟು ವಂಶಾವಳಿ ಸಾಕು.

ನಾನು ಈ ಚಿತ್ರಗಳಲ್ಲಿ ಮುಖ್ಯವಾದವನ್ನು ನೋಡಿದ್ದು ಮಾರನಹಳ್ಳಿಯಲ್ಲಿ. ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಕಲೇಶಪುರ ದಾಟಿ, ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ಹಿಂದೆ ಬಿಟ್ಟು, ಶಿರಾಡಿ ಘಾಟಿ ಇಳಿಯುವ ಮೊದಲು ಸಿಗುವ ಊರು ಅದು. ಹೆಸರಿನಲ್ಲಿ ಇರುವವನು ಮಾರ, ಮರಣವಲ್ಲವೆಂದು ಸಮಾಧಾನ ಹೇಳಿಕೊಂಡು ಕೆಲವು ವರ್ಷಗಳಿಂದ ಡಿಸೆಂಬರಿನ ಕೊನೆಯ ವಾರ ಅಲ್ಲಿಯ ನಂಟರ ಮನೆಯಲ್ಲಿ ಕಳೆಯುತ್ತೇನೆ. ಕಾಫಿಯ ಹಣ್ಣು ಕೊಯ್ಯುವ ಕಾಲ. ಕಣದ ತುಂಬ ಹಣ್ಣಿನ ಹುಳಿವಾಸನೆ. ಸಂಜೆ ಆರಕ್ಕೆ ಮಂಜು ಮರಗಳ ನಡುವಿಂದ ಇಳಿದು ಅಂಗಳಕ್ಕೆ ಬರುತ್ತದೆ. ಹೆದ್ದಾರಿಯ ಲಾರಿಗಳ ಸದ್ದು ಕೇಳಿಸುತ್ತದೆ, ಲಾರಿ ಕಾಣಿಸುವುದಿಲ್ಲ. ಸಕಲೇಶಪುರದ ಕಡೆಯ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರದೀಪ ತೂಗುತ್ತಿರುತ್ತದೆ. ಮಂಗಳೂರು ಮೂಲದವರ ಮನೆಗಳಿಂದ ಕುಸ್ವಾರಿನ ತಟ್ಟೆ ನೆರೆಹೊರೆಗೆ ಬರುತ್ತದೆ. ಕಿಡಿಯೋ, ನೆವರಿ, ಅಕ್ಕಿಲಾಡು. ಹಬ್ಬ ಯಾರದೇ ಆಗಲಿ, ತಟ್ಟೆ ಎಲ್ಲರದು.

ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನನ್ನ ಅಣ್ಣನ ಮಗಳು ರಜೆಗೆ ಅಲ್ಲಿಗೇ ಬರುತ್ತಾಳೆ. ಈ ಚಿತ್ರಗಳ ಗೀಳು ಮೊದಲು ಅವಳದು. ಏನು ಕಂಡು ಮೆಚ್ಚಿದೆಯೆಂದು ನಾನು ಕೇಳಿದಾಗ ಅವಳು ಹೇಳಿದ ಮಾತು ವಿಮರ್ಶಕರ ಗ್ರಂಥಗಳಿಗಿಂತ ಚೆನ್ನಾಗಿತ್ತು: “ಚಿಕ್ಕಪ್ಪ, ಹಬ್ಬದ ದಿನ ಎಲ್ಲರೂ ಖುಷಿಯಾಗಿರಲೇಬೇಕು ಅಂತ ಒಂದು ಒತ್ತಾಯ ಇರುತ್ತದಲ್ಲ, ಅದೇ ಭಯ. ಈ ಸಿನಿಮಾದಲ್ಲಿ ಆ ಭಯಕ್ಕೆ ಒಂದು ಮುಖ ಸಿಗತ್ತೆ. ಅದನ್ನ ನೋಡಿ, ಹೆದರಿ, ಕಂಬಳಿ ಹೊದ್ದು ಮಲಗಿದರೆ ಎಷ್ಟು ನಿದ್ದೆ ಬರತ್ತೆ ಗೊತ್ತಾ!”

ಅವಳ ಮಾತಿನಲ್ಲಿ ಸತ್ಯವಿದೆ. ಊರಿಗೆ ಹೋಗಲಾರದವನು, ಹೋಗಿಯೂ ಹೊಂದಲಾರದವಳು, ಆ ವರ್ಷ ಮನೆಯಲ್ಲಿ ಸಾವು ಕಂಡವರು, ಇವರಿಗೆಲ್ಲ ಹಬ್ಬ ಒಂದು ಪರೀಕ್ಷೆ. ಬೀದಿಯೆಲ್ಲ ದೀಪ ಹಚ್ಚಿದಾಗ ದೀಪವಿಲ್ಲದ ಕೋಣೆಯ ಕತ್ತಲು ಇಮ್ಮಡಿಯಾಗಿ ಕಾಣುತ್ತದೆ. ‘ಬ್ಲ್ಯಾಕ್ ಕ್ರಿಸ್‌ಮಸ್’ ಈ ಗುಟ್ಟನ್ನು ಬಲ್ಲದು. ಬಾಗಿಲಲ್ಲಿ ಮಕ್ಕಳು ಸುಶ್ರಾವ್ಯವಾಗಿ ಹಬ್ಬದ ಹಾಡು ಹಾಡುತ್ತಿರುವಾಗ ಮಹಡಿಯ ಮೇಲೆ ಕೊಲೆ ನಡೆಯುತ್ತದೆ. ಹಾಡಿನಲ್ಲಿ ಕೂಗು ಮುಳುಗಿಹೋಗುತ್ತದೆ. ಪಕ್ಕದ ಕೋಣೆಯವರ ದುಃಖ ನಮ್ಮ ಹಾಡಿನಲ್ಲಿ ಎಷ್ಟೋ ಸಲ ಹೀಗೆಯೇ ಮುಳುಗಿದೆಯಲ್ಲವೇ?

ಇನ್ನೊಂದು ಆಕರ್ಷಣೆ ಮಾರನಹಳ್ಳಿಯಂಥ ಕಡೆ ನೋಡಿದವರಿಗೆ ಚೆನ್ನಾಗಿ ಹೊಳೆಯುತ್ತದೆ. ‘ಹೊರಗೆ ಯಾರೋ ಇದ್ದಾರೆ’ ಎಂಬ ಭಯ ಆ ಸೀಮೆಯವರಿಗೆ ದಿನದ ಬದುಕು. ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ತಿರುಗುತ್ತವೆ. ಕತ್ತಲಾದ ಮೇಲೆ ನಾಯಿ ಬೊಗಳಿದರೆ ಮಾತು ನಿಲ್ಲುತ್ತದೆ. ಆನೆ ಎಲ್ಲಿದೆಯೆಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬರುತ್ತದೆ. ಚಿತ್ರದಲ್ಲಿ ಕೊಲೆಗಾರ ಟೆಲಿಫೋನಿನಲ್ಲಿ ಬರುತ್ತಾನೆ; ಇಲ್ಲಿ ಅದೇ ಟೆಲಿಫೋನು ಜೀವ ಉಳಿಸುತ್ತದೆ. ಇಷ್ಟೇ ವ್ಯತ್ಯಾಸ. ನಿಜವಾದ ಭಯವಿದ್ದ ಕಡೆ ಕಟ್ಟಿದ ಭಯ ಒಂದು ಬಗೆಯ ವಿಶ್ರಾಂತಿ. ತೆರೆಯ ಮೇಲಿನ ಕೊಡಲಿ ಎರಡು ಗಂಟೆಗೆ ಮುಗಿಯುತ್ತದೆ.

ಕನ್ನಡದಲ್ಲಿ ಕ್ರಿಸ್‌ಮಸ್ಸಿನ ಕತ್ತಿಯ ಚಿತ್ರಗಳು ಒಂದು ಪರಂಪರೆಯಾಗಿ ಬೆಳೆಯಲಿಲ್ಲ. ಆದರೆ ಅದರ ದಾಯಾದಿಗಳುಂಟು. ‘ಹ್ಯಾಲೊವೀನ್’ ಬಂದ 1978ರಲ್ಲಿಯೇ ಕಾಶೀನಾಥರ ‘ಅಪರಿಚಿತ’ ಬಂತು. 1980ರ ದಶಕದ ಕೊನೆಗೆ ಸುನೀಲ್ ಕುಮಾರ್ ದೇಸಾಯಿಯವರು ಒಂದೂ ಹಾಡಿಲ್ಲದ ‘ತರ್ಕ’ದಲ್ಲಿ ಮುಚ್ಚಿದ ಮನೆಯ ಭಯವನ್ನು ಕಟ್ಟಿದರು. 1993ರಲ್ಲಿ ಉಪೇಂದ್ರರ ‘ಶ್!’, 2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’. ಕೊನೆಯದರಲ್ಲಿ ಊರಿನ ಭೂತದ ಹೆಸರಿಗೆ ಜನ ನಡುಗುತ್ತಾರೆ, ಬಸುರಿ ಹೆಂಡತಿ ಕಣ್ಮರೆಯಾಗುತ್ತಾಳೆ. ಇವೆಲ್ಲ ಪತ್ತೇದಾರಿಯ ಕಡೆಗೆ ವಾಲಿದ ಚಿತ್ರಗಳು. ಕೊಂದವರಾರು ಎಂಬುದಕ್ಕೆ ಉತ್ತರ ಬೇಕೇ ಬೇಕು.

ನಿಜವಾದ ಹೋಲಿಕೆ ಸಿಗುವುದು ಸಿನಿಮಾದಲ್ಲಲ್ಲ, ಜಾತ್ರೆಯ ನಾಟಕದಲ್ಲಿ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ಹೆಸರು ಕೇಳದ ಹಳ್ಳಿ ಉತ್ತರ ಕರ್ನಾಟಕದಲ್ಲಿ ವಿರಳ. ಜಾತ್ರೆಯ ದಿನ ತೇರು ಎಳೆದು, ಬೆಂಡು ಬತ್ತಾಸು ಕೊಂಡು, ರಾತ್ರಿ ಜನ ಮಕ್ಕಳು ಮರಿಗಳೊಡನೆ ಕೂತು ನೋಡುವುದು ಮಲಗಿದ್ದವರ ಕೊಲೆಯನ್ನು! ಹಬ್ಬದ ರಾತ್ರಿಯ ರಕ್ತಕ್ಕೆ ನಾವು ಮೂಗು ಮುರಿಯುವ ಮೊದಲು ಇದನ್ನು ನೆನೆಯಬೇಕು. ನಮ್ಮ ಜನ ತಲೆಮಾರುಗಳಿಂದ ಹಬ್ಬಕ್ಕೆ ‘ರಕ್ತರಾತ್ರಿ’ ನೋಡಿದವರು.

ಆ ನಾಟಕದ ಬೇರು ಮಹಾಭಾರತದ ಸೌಪ್ತಿಕ ಪರ್ವದಲ್ಲಿದೆ. ಹದಿನೆಂಟು ದಿನದ ಯುದ್ಧ ಮುಗಿದಿದೆ. ಗೆದ್ದವರು ಮೈಮರೆತು ಮಲಗಿದ್ದಾರೆ. ಆಲದ ಮರದಲ್ಲಿ ಗೂಬೆಯೊಂದು ಮಲಗಿದ ಕಾಗೆಗಳನ್ನು ಕೊಲ್ಲುವುದನ್ನು ಕಂಡು ಅಶ್ವತ್ಥಾಮನಿಗೆ ಉಪಾಯ ಹೊಳೆಯುತ್ತದೆ. ಅವನು ಶಿಬಿರದೊಳಗೆ ನುಗ್ಗುತ್ತಾನೆ. ಕೃಪನೂ ಕೃತವರ್ಮನೂ ಬಾಗಿಲಲ್ಲಿ ನಿಂತು ತಪ್ಪಿಸಿಕೊಂಡು ಬಂದವರನ್ನು ಕಡಿಯುತ್ತಾರೆ. ಧೃಷ್ಟದ್ಯುಮ್ನ ಸಾಯುತ್ತಾನೆ, ದ್ರೌಪದಿಯ ಐವರು ಮಕ್ಕಳು ಸಾಯುತ್ತಾರೆ. ಧೃಷ್ಟದ್ಯುಮ್ನನ ಸಾರಥಿಯೊಬ್ಬ ತಪ್ಪಿಸಿಕೊಂಡು ಧರ್ಮರಾಯನಿಗೆ ಸುದ್ದಿ ತರುತ್ತಾನೆ. ಕತ್ತಲು, ಮುಚ್ಚಿದ ಬಾಗಿಲು, ಮಲಗಿದ ಹರೆಯದವರು, ಬದುಕಿ ಉಳಿದ ಒಬ್ಬ. ಹಾಲಿವುಡ್ಡಿನವರು ಕಂಡುಹಿಡಿದೆವೆಂದು ಬೀಗುವ ಕಟ್ಟಿನ ಒಂದೊಂದು ತೊಲೆಯೂ ಇಲ್ಲಿದೆ. ಕೊಲೆಗಾರನಿಗೆ ಕಾರಣವೂ ಇದೆ. ಕಪಟದಿಂದ ಶಸ್ತ್ರ ಕೆಳಗಿಡಿಸಿ ಕೊಂದ ತಂದೆಯ ಮಗ ಅವನು. 1984ರ ಚಿತ್ರದ ಅನಾಥ ಹುಡುಗನೂ ತಂದೆತಾಯಿಯ ಕೊಲೆಯನ್ನು ಕಂಡವನೇ. ಕಟ್ಟು ಒಂದೇ ಆದರೆ ವ್ಯತ್ಯಾಸ ಎಲ್ಲಿ?

ಇದಕ್ಕೆ ಉತ್ತರ ನನಗೆ ಪುಸ್ತಕದಿಂದ ಸಿಗಲಿಲ್ಲ. ಮಾರನಹಳ್ಳಿಯ ಆ ಮನೆಯಲ್ಲಿ ಅಡುಗೆಗೆ ಸಹಾಯ ಮಾಡುವ ಹೆಂಗಸೊಬ್ಬಳಿದ್ದಾಳೆ. ಒಂದು ರಾತ್ರಿ ಅಣ್ಣನ ಮಗಳು ಹಚ್ಚಿದ ಚಿತ್ರವನ್ನು ಬಾಗಿಲಿಗೊರಗಿ ನಿಂತು ಅರ್ಧ ಗಂಟೆ ನೋಡಿದಳು. ಅದು ಆ ಪಂಥದ ಅಗ್ಗದ ಚಿತ್ರಗಳಲ್ಲೊಂದು. ಹೆದರಲಿಲ್ಲ, ಅಸಹ್ಯವನ್ನೂ ಪಡಲಿಲ್ಲ. “ಏನ್ರಯ್ಯಾ, ಇಷ್ಟ್ ಜನ ಸತ್ರು, ಅಳೋರ್ ಒಬ್ರೂ ಇಲ್ವಲ್ಲ. ಆ ಹುಡುಗೀರಿಗೆ ಅವ್ವದೀರಿಲ್ವಾ?” ಎಂದು ಕೇಳಿ ಒಲೆಯ ಕಡೆ ಹೋದಳು.

ಈ ಚಿತ್ರಗಳ ಕೊರತೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಾಗದು. ಅವುಗಳಲ್ಲಿ ರಕ್ತ ಹೆಚ್ಚಾಯಿತೆಂದು ದೂರುವವರಿದ್ದಾರೆ. ಸೌಪ್ತಿಕದಲ್ಲಿ ಅದಕ್ಕಿಂತ ಹೆಚ್ಚು ರಕ್ತವಿದೆ. ಹಬ್ಬದ ಪಾವಿತ್ರ್ಯ ಕೆಟ್ಟಿತೆಂದು ದೂರುವವರಿದ್ದಾರೆ. ಸುವಾರ್ತೆಯೇ ಹೆರೋದನನ್ನು ಮುಚ್ಚಿಡಲಿಲ್ಲ. 1984ರ ತಾಯಂದಿರ ಕೋಪ ತಾತನ ಅಂಗಿಗೆ ಕಲೆಯಾಯಿತೆಂಬುದರ ಮೇಲೆ ನಿಂತಿತ್ತು. ಸತ್ತವರ ಪರವಾಗಿ ಯಾರೂ ಹಾಡು ಹಾಡಿದಂತೆ ಕಾಣೆ. ಕೊರತೆಯಿರುವುದು ಕೊಲೆಯಲ್ಲಲ್ಲ, ಕೊಲೆಯಾದ ಮೇಲಿನ ಮೌನದಲ್ಲಿ. ಮಹಾಭಾರತದಲ್ಲಿ ಹತ್ತನೆಯದು ಸೌಪ್ತಿಕ ಪರ್ವ, ಹನ್ನೊಂದನೆಯದು ಸ್ತ್ರೀಪರ್ವ. ಗಾಂಧಾರಿ ರಣರಂಗದಲ್ಲಿ ಒಬ್ಬೊಬ್ಬರ ದೇಹವನ್ನೂ ಗುರುತಿಸಿ, ಹೆಸರು ಹಿಡಿದು ಅಳುತ್ತಾಳೆ. ಶತ್ರುವಿನ ಮಗ ಅಭಿಮನ್ಯುವಿಗೂ ಆ ಅಳುವಿನಲ್ಲಿ ಪಾಲಿದೆ. ವ್ಯಾಸರು ಕೊಲೆಯನ್ನು ಬಣ್ಣಿಸುವ ಅಧಿಕಾರವನ್ನು ಈ ಅಳುವಿನ ಬೆಲೆ ಕೊಟ್ಟು ಪಡೆದರು. ಕತ್ತಿಯ ಚಿತ್ರ ಹತ್ತನೆಯ ಪರ್ವಕ್ಕೇ ಪುಸ್ತಕ ಮುಚ್ಚುತ್ತದೆ. ಮುಚ್ಚಿ, ಮರುವರ್ಷ ಅದೇ ಹತ್ತನೆಯ ಪರ್ವವನ್ನು ಎರಡನೆಯ ಭಾಗವೆಂದು ಮತ್ತೆ ತೆರೆಯುತ್ತದೆ.

ಉಳಿದ ದೋಷಗಳೆಲ್ಲ ಈ ಒಂದರ ಮಕ್ಕಳು. ಸತ್ತವರಿಗಾಗಿ ಅಳುವವರಿಲ್ಲವೆಂದಾಗ ಅವರಿಗೆ ಹೆಸರು, ಊರು, ಆಸೆ ಯಾವುದೂ ಬೇಕಿಲ್ಲ. ಸಾಯುವುದಕ್ಕೆ ಬೇಕಾದಷ್ಟು ಮೈಯಿದ್ದರೆ ಸಾಕು. ಅದಕ್ಕೇ ಪಾತ್ರಗಳು ಗೊಂಬೆಗಳಾಗುತ್ತವೆ. ಪ್ರೀತಿಸಿದ ಹುಡುಗಿ ಮೊದಲು ಸಾಯಬೇಕು, ಶೀಲವಂತೆ ಉಳಿಯಬೇಕೆಂಬ ಬೂಸಲು ನೀತಿ ನುಸುಳುತ್ತದೆ. ಕೊಲೆಗಾರನ ಬಾಲ್ಯದ ನೋವಿಗೆ ಅರ್ಧ ಚಿತ್ರ ಮೀಸಲಾದರೆ ಕೊಲೆಯಾದವಳ ಬಾಲ್ಯಕ್ಕೆ ಅರ್ಧ ನಿಮಿಷವಿಲ್ಲ. ಮನಸ್ಸು ಕೆಟ್ಟವರೆಲ್ಲ ಕೊಲೆಗಡುಕರೆಂಬ ಸುಳ್ಳೂ ಸೇರಿಕೊಳ್ಳುತ್ತದೆ. ಹಬ್ಬವಂತೂ ಬರಿಯ ಅಲಂಕಾರ; ದೀಪದ ಸರ ಕುತ್ತಿಗೆಗೆ ಬಿಗಿಯಲು, ನಕ್ಷತ್ರ ಚುಚ್ಚಲು.

‘ಬ್ಲ್ಯಾಕ್ ಕ್ರಿಸ್‌ಮಸ್’ ಐವತ್ತು ವರ್ಷವಾದರೂ ಹಳತಾಗದೆ ಉಳಿದಿರುವುದು ಏಕೆಂಬುದು ಈಗ ತಿಳಿಯುತ್ತದೆ. ಅದರಲ್ಲಿ ಮೊದಲು ಸಾಯುವ ಹುಡುಗಿಗೆ ಒಬ್ಬ ತಂದೆಯಿದ್ದಾನೆ. ಮಗಳನ್ನು ರಜೆಗೆ ಊರಿಗೆ ಕರೆದೊಯ್ಯಲು ಬಂದು, ಹೇಳಿದ ಜಾಗದಲ್ಲಿ ಕಾದು ನಿಲ್ಲುತ್ತಾನೆ. ಅವಳು ಬರುವುದಿಲ್ಲ. ಅವನು ಅವಳಿದ್ದ ಮನೆಗೆ ಹೋಗುತ್ತಾನೆ, ಪೊಲೀಸರ ಬಳಿ ಹೋಗುತ್ತಾನೆ, ಚಳಿಯಲ್ಲಿ ಹುಡುಕುವವರ ಜೊತೆ ಹುಡುಕುತ್ತಾನೆ. ಮಗಳ ದೇಹ ಅದೇ ಮನೆಯ ಅಟ್ಟದಲ್ಲಿ, ಕಿಟಕಿಯ ಬಳಿ, ತೂಗುಕುರ್ಚಿಯಲ್ಲಿ ಕೂತಿದೆ. ಚಿತ್ರ ಮುಗಿದರೂ ಪೊಲೀಸರು ಅಟ್ಟಕ್ಕೆ ಹತ್ತುವುದಿಲ್ಲ. ಆ ಮನುಷ್ಯ ಚಿತ್ರದಲ್ಲಿ ಹೆಚ್ಚು ಮಾತಾಡುವುದಿಲ್ಲ; ಟೋಪಿ ಕೈಯಲ್ಲಿ ಹಿಡಿದು ನಿಂತ ಸಪ್ಪಗಿನ ಗೃಹಸ್ಥ. ಆದರೆ ಅವನು ಕಾಯುವುದರಿಂದಲೇ ಆ ಸಾವಿಗೆ ತೂಕ ಬಂದಿದೆ. ಅದು ಸ್ತ್ರೀಪರ್ವದ ಒಂದು ಹನಿ. ಆ ಹನಿಯಿಲ್ಲದೆ ಅನುಕರಿಸಿದವರು ಟೆಲಿಫೋನನ್ನು ಕದ್ದರು, ಅಟ್ಟವನ್ನು ಕದ್ದರು, ಆ ತಂದೆಯನ್ನು ಬಿಟ್ಟುಬಂದರು.

ಶೋಕ ಬಂದರೆ ಭಯದ ಸ್ವಾರಸ್ಯ ಕೆಡುವುದೆಂದು ಕೆಲವರು ಹೇಳಬಹುದು; ಹೆದರಲು ಬಂದವನನ್ನು ಅಳಿಸಬಾರದಲ್ಲ! ನಮ್ಮ ಜಾತ್ರೆಯ ಪ್ರೇಕ್ಷಕರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ನಮ್ಮಲ್ಲಿ ಪ್ರಚಾರದಲ್ಲಿರುವ ಕಥೆಯಂತೆ, ಪಾಂಡವರ ತಲೆಗಳೆಂದು ಅಶ್ವತ್ಥಾಮ ತಂದುಕೊಟ್ಟಾಗ, ತೊಡೆ ಮುರಿದು ಬಿದ್ದ ದುರ್ಯೋಧನ ಅವು ಮಕ್ಕಳ ತಲೆಗಳೆಂದು ಗುರುತಿಸಿ ಮರುಗುತ್ತಾನೆ. ಹಠದ ಅರಸನೇ ಕರಗುವಾಗ ಬಯಲಿನಲ್ಲಿ ಕೂತ ಜನರ ಕಣ್ಣು ಒದ್ದೆಯಾಗದೆ ಇರುತ್ತದೆಯೇ? ಭಾಗವತದಲ್ಲಿ ದ್ರೌಪದಿ ಇನ್ನೂ ಮುಂದೆ ಹೋಗುತ್ತಾಳೆ. ಕಟ್ಟಿ ತಂದ ಅಶ್ವತ್ಥಾಮನನ್ನು ಬಿಡಿಸುತ್ತಾಳೆ. ತನ್ನಂತೆ ಅವನ ತಾಯಿಯೂ ಅಳುವುದು ಅವಳಿಗೆ ಬೇಕಿಲ್ಲ. ಕೊಂದವನಿಗೂ ಒಬ್ಬ ಅವ್ವನಿದ್ದಾಳೆಂಬುದನ್ನು ಮಕ್ಕಳನ್ನು ಕಳೆದುಕೊಂಡವಳು ನೆನೆಯುತ್ತಾಳೆ.

ದೂರದ ಪುರಾಣವೇಕೆ, ಇದೇ ಗುಡ್ಡಗಳಲ್ಲಿ ಒಂದು ಡಿಸೆಂಬರಿನಲ್ಲಿ ನಡೆದದ್ದನ್ನು ನೋಡಿ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ ಎಂಬ ಆನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಡೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡಿ ಸತ್ತಿತು. ಆನೆಗಳ ಕಾಟದಿಂದ ಬೆಳೆಯನ್ನೂ ಬಂಧುಗಳನ್ನೂ ಕಳೆದುಕೊಂಡ ಸೀಮೆ ಅದು. ಆದರೂ ಜನ ತಂಡತಂಡವಾಗಿ ಬಂದು ಆ ಮಣ್ಣಿನ ಬಳಿ ನಿಂತರು. ಮಾವುತ ಸೊಂಡಿಲು ತಬ್ಬಿ ಅತ್ತದ್ದನ್ನು ನಾಡೆಲ್ಲ ಕಂಡಿತು. ಕಂಡು ತಾನೂ ಅತ್ತಿತು. ಹಬ್ಬದ ಹೊರೆ ಹೊತ್ತ ಪ್ರಾಣಿಯೊಂದಕ್ಕೆ ಸಿಕ್ಕಿದಷ್ಟು ಕಣ್ಣೀರು ಐವತ್ತು ವರ್ಷಗಳ ಕತ್ತಿಯ ಚಿತ್ರಗಳಲ್ಲಿ ಸತ್ತ ನೂರಾರು ಹುಡುಗ ಹುಡುಗಿಯರಿಗೆ ಒಟ್ಟು ಸೇರಿಸಿದರೂ ಸಿಕ್ಕಿಲ್ಲ. ಅವರು ಕಲ್ಪಿತ ವ್ಯಕ್ತಿಗಳು ತಾನೇ ಎನ್ನಬಹುದು. ಅಭಿಮನ್ಯುವಿಗಾಗಿ ಅತ್ತವರು ಅವನನ್ನು ಕಂಡಿದ್ದರೇ?

ಕಣ್ಣೀರಿಲ್ಲದೆ ಸಾವನ್ನು ನೋಡುವ ಅಭ್ಯಾಸ ತೆರೆಯ ಮೇಲಷ್ಟೇ ನಿಲ್ಲುವುದಿಲ್ಲ. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಹೇಮಾವತಿ ಜಲಾಶಯ ಕಟ್ಟಿದ ಮೇಲೆ ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಅಲ್ಲಿಗೆ ಹೋದವರು ಭೂತಬಂಗಲೆಯೆಂದು ಹೇಳಿಕೊಂಡು ಫೋಟೋ ತೆಗೆಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಒಂದು ಕಾಲಕ್ಕೆ ಅಲ್ಲಿ ನಡುರಾತ್ರಿಯ ಪೂಜೆಗೆ ಗಂಟೆ ಬಾರಿಸುತ್ತಿತ್ತು, ಹಬ್ಬಕ್ಕೆ ಹೊಸ ಬಟ್ಟೆ ಉಟ್ಟ ಮಕ್ಕಳು ಓಡಾಡುತ್ತಿದ್ದರು, ನೀರು ಬರುತ್ತದೆಂದು ಒಂದು ದಿನ ಆ ಜನ ಗಂಟುಮೂಟೆ ಕಟ್ಟಿ ಹೊರಟರು. ಅದು ದೆವ್ವದ ಮನೆಯಲ್ಲ, ಊರು ಬಿಟ್ಟವರ ಮನೆ. ಭಯವನ್ನಷ್ಟೇ ಹುಡುಕುವ ಕಣ್ಣಿಗೆ ಇದು ಕಾಣುವುದಿಲ್ಲ.

ಆದ್ದರಿಂದ ಹಬ್ಬದ ಕತ್ತಿಯ ಚಿತ್ರಗಳನ್ನು ನೋಡಬೇಡಿರೆಂದು ಯಾರಿಗೂ ಹೇಳಲಾರೆ. ಚಳಿಗಾಲದ ರಾತ್ರಿಗೆ ಒಂದು ಭಯ ಬೇಕು. ಹಬ್ಬದ ಒತ್ತಾಯದಿಂದ ಬಳಲಿದ ಮನಸ್ಸಿಗೆ ಅದೊಂದು ಬಿಡುವು. ಆದರೆ ಮುಂದೆ ಯಾರಾದರೂ ನಮ್ಮ ಮಲೆನಾಡಿನ ಒಂಟಿಮನೆಯಲ್ಲಿ, ಮಂಜು ಕವಿದ ರಾತ್ರಿ, ಅಂಥದೊಂದು ಕಥೆಯನ್ನು ಕನ್ನಡದಲ್ಲಿ ಕಟ್ಟುವುದಾದರೆ ಕೊಲೆಗಾರನ ವೇಷಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದು ಬೇಡ. ಕೆಂಪಂಗಿಯಾದರೂ ಸರಿ, ಕರಿಕಂಬಳಿಯಾದರೂ ಸರಿ. ಬೆಳಗಿನ ಮೊದಲ ಬಸ್ಸಿನಲ್ಲಿ ಮಗಳನ್ನು ಹುಡುಕಿಕೊಂಡು ಬಂದು ಇಳಿಯುವ ಒಬ್ಬ ಅವ್ವ ಆ ಚಿತ್ರದಲ್ಲಿರಲಿ. ಅವಳಿಗೆ ಸಾಕಷ್ಟು ಹೊತ್ತು ಕೊಡಲಿ.